ಸಂಶೋಧನಾ ಲೇಖನ: ಮಡಕೆ ನೀರಿನಿಂದ ಮೊದಲ ಪಾಠ

ಕೊನೆಯ ಸೆಮಿಸ್ಟರ್ ಬಂತೆಂದರೆ ವಿಜ್ಞಾನ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ವರದಿಯ ಗಡಿಬಿಡಿ. ಸಲ್ಲಿಕೆಗೆ ಎರಡು ದಿನ ಇರುವಾಗ ಸೀನಿಯರ್‌ಗಳ ಹಳೇ ವರದಿ ಮುಂದಿಟ್ಟುಕೊಂಡು ಬರೆಯಲು ಕೂರುವವರೇ ಹೆಚ್ಚು. ಇದು ಮಕ್ಕಳ ತಪ್ಪಲ್ಲ. ಪ್ರಯೋಗ ಮಾಡುವುದನ್ನು ಕಲಿಸಿದ ನಾವು ಅದನ್ನು ಬರೆಯುವುದನ್ನು ಕಲಿಸಲಿಲ್ಲ. ಕಲಿಸಲು ದುಬಾರಿ ಲ್ಯಾಬ್ ಬೇಕಿಲ್ಲ. ಮಣ್ಣಿನ ಮಡಕೆ, ಸ್ಟೀಲ್ ಪಾತ್ರೆ, ಎರಡು ಥರ್ಮಾಮೀಟರ್ ಇದ್ದರೆ ಸಾಕು.

1. ಪ್ರಶ್ನೆ ಒಂದೇ ಇರಲಿ

‘ಮಡಕೆಯ ಅಧ್ಯಯನ’ ಎಂಬುದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. ‘ಒಂದೇ ನೆರಳಿನಲ್ಲಿಟ್ಟರೆ ಮಡಕೆಯ ನೀರು ಸ್ಟೀಲ್ ಪಾತ್ರೆಯ ನೀರಿಗಿಂತ ನಾಲ್ಕು ಗಂಟೆಯಲ್ಲಿ ಎಷ್ಟು ಡಿಗ್ರಿ ಹೆಚ್ಚು ತಣ್ಣಗಾಗುತ್ತದೆ?’ ಇದು ಪ್ರಶ್ನೆ. ಅಳೆದು ಉತ್ತರಿಸಲು ಬರುವಂತಿರಬೇಕು.

2. ನೋಟ್‌ಬುಕ್ಕಿನಲ್ಲೇ ಶುರು

15 ನಿಮಿಷಕ್ಕೊಮ್ಮೆ ಎರಡೂ ಪಾತ್ರೆಗಳ ಉಷ್ಣತೆ, ಕೋಣೆಯ ಉಷ್ಣತೆ, ಸಮಯ ಬರೆಸಿ. ಪೆನ್ಸಿಲ್ ಬೇಡ, ಪೆನ್ನೇ ಆಗಲಿ. ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಲಿ. ಲೆಕ್ಕಕ್ಕೆ ಹೊಂದದ ಅಂಕಿಯನ್ನೂ ಉಳಿಸಿಕೊಳ್ಳಬೇಕು.

3. ಗ್ರಾಫ್ ಮೊದಲು, ಪೀಠಿಕೆ ಆಮೇಲೆ

ಅಚ್ಚಾಗುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ಮೊದಲು ಗ್ರಾಫ್ ಎಳೆಸಿ. ನಂತರ ವಿಧಾನ, ಫಲಿತಾಂಶ, ಚರ್ಚೆ, ಪೀಠಿಕೆ, ಕೊನೆಗೆ ಸಾರಾಂಶ. ಇಂಗ್ಲಿಷ್ ಎಂದರೆ ಹೆದರುವ ವಿದ್ಯಾರ್ಥಿ ಮೊದಲ ಕರಡನ್ನು ಕನ್ನಡದಲ್ಲೇ ಬರೆಯಲಿ. ಯೋಚನೆ ತಿಳಿಯಾದ ಮೇಲೆ ಭಾಷೆ ತಿದ್ದುವುದು ಸುಲಭ.

4. ಹಾಳೆ ಬದಲಾಯಿಸಿ

ಒಂದು ಗುಂಪು ಬರೆದ ವಿಧಾನವನ್ನು ಇನ್ನೊಂದು ಗುಂಪಿಗೆ ಕೊಟ್ಟು ಪ್ರಯೋಗ ಮಾಡಲು ಹೇಳಿ. ‘ಮಡಕೆಯನ್ನು ನೆರಳಿನಲ್ಲಿ ಇಡಲಾಯಿತು’ ಎಂದಷ್ಟೇ ಇದ್ದರೆ ಕೂಡಲೇ ಪ್ರಶ್ನೆಗಳು ಏಳುತ್ತವೆ: ಮಡಕೆ ಒಣಗಿತ್ತಾ, ನೆನೆದಿತ್ತಾ? ಮುಚ್ಚಳ ಇತ್ತಾ? ಫ್ಯಾನ್ ತಿರುಗುತ್ತಿತ್ತಾ? ಒಂದೊಂದು ಪ್ರಶ್ನೆಯೂ ಬಿಟ್ಟುಹೋದ ಒಂದು ಮಾತು. ತಿದ್ದಿದ ಮೇಲೆ ವಾಕ್ಯ ಹೀಗಾಗುತ್ತದೆ: ‘ರಾತ್ರಿಯಿಡೀ ನೆನೆಸಿದ ಮಡಕೆಗೆ 3 ಲೀಟರ್ ನೀರು ತುಂಬಿ, ಮುಚ್ಚಳ ಮುಚ್ಚಿ, ಫ್ಯಾನ್ ಆರಿಸಿದ ಕೋಣೆಯಲ್ಲಿ ಇಟ್ಟೆವು.’ ನನ್ನ ಮಟ್ಟಿಗೆ ಇಡೀ ಪಾಠದ ಜೀವಾಳ ಇದೇ.

5. ಕಂಡದ್ದು ಬೇರೆ, ಕಾರಣ ಬೇರೆ

ಎಷ್ಟು ಡಿಗ್ರಿ ಇಳಿಯಿತು ಎಂಬುದು ಫಲಿತಾಂಶ. ಯಾಕೆ ಇಳಿಯಿತು ಎಂಬುದು ಚರ್ಚೆ. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಗ್ರಾಂಗೆ ಸುಮಾರು 2,400 ಜೂಲ್ ಶಾಖ ಹೀರುತ್ತದೆ. ಮಿತಿಯನ್ನೂ ಹೇಳಿಸಿ: ಕಲಬುರಗಿಯ ಒಣ ಬೇಸಿಗೆಯಲ್ಲಿ ಸಿಕ್ಕ ಅಂಕಿ ಮಂಗಳೂರಿನ ತೇವದ ಗಾಳಿಯಲ್ಲಿ ಸಿಗದು. ಡಿಗ್ರಿಗೊಂದು ಗೆರೆಯಿರುವ ಥರ್ಮಾಮೀಟರ್ ಹಿಡಿದು 4.27 ಡಿಗ್ರಿ ಎಂದು ಬರೆಯುವಂತಿಲ್ಲ.

6. ಓದಿ, ಮುಚ್ಚಿಟ್ಟು, ಬರೆಯಿರಿ

ಬೇರೆಯವರ ಲೇಖನ ಓದಿದ ಮೇಲೆ ಅದನ್ನು ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಬರೆದು, ಮೂಲ ಯಾವುದೆಂದು ಹೇಳಬೇಕು. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ತಂದ ನಿಯಮದಂತೆ ಹೋಲಿಕೆ ಶೇ 10 ದಾಟಿದರೆ ಕ್ರಮ ಉಂಟು. ಹಾಗೆಂದು ಶೇ 10ರಷ್ಟು ನಕಲಿಗೆ ಅನುಮತಿ ಇದೆ ಎಂದಲ್ಲ. ಎಐ ಚಾಟ್‌ಬಾಟ್‌ಗಳು ಇಲ್ಲದ ಲೇಖನಗಳ ಹೆಸರನ್ನೂ ಕೊಡುವುದುಂಟು. ತಾನೇ ತೆರೆದು ಓದದ ಮೂಲವನ್ನು ಯಾರೂ ಪಟ್ಟಿಗೆ ಸೇರಿಸಬಾರದು.

7. ಒಳ್ಳೆಯ ಮಾದರಿ ಓದಿಸಿ

ಬೆಂಗಳೂರಿನಿಂದಲೇ ಬರುವ ‘ಕರೆಂಟ್ ಸೈನ್ಸ್’ (1932ರಿಂದ), ‘ರೆಸೊನೆನ್ಸ್’ (1996ರಿಂದ) ಪತ್ರಿಕೆಗಳನ್ನು ತರಗತಿಗೆ ತನ್ನಿ. 1928ರ ಮಾರ್ಚ್ 31ರ ‘ನೇಚರ್’ನಲ್ಲಿ ಬಂದ, ಭೌತವಿಜ್ಞಾನಿಗಳಾದ ರಾಮನ್–ಕೃಷ್ಣನ್ ಅವರ ಟಿಪ್ಪಣಿ ಕೆಲವೇ ಪ್ಯಾರಾಗಳಷ್ಟಿದೆ. ಹೇಳುವುದು ಸ್ಪಷ್ಟವಿದ್ದರೆ ಪುಟ ತುಂಬಿಸಬೇಕಿಲ್ಲ ಎಂಬುದನ್ನು ಮಕ್ಕಳು ಅಲ್ಲೇ ಕಾಣಲಿ. ದುಡ್ಡು ಕಟ್ಟಿದರೆ ನಾಲ್ಕೇ ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ ಜರ್ನಲ್‌ಗಳಿಂದ ಅವರನ್ನು ದೂರವಿಡಿ.

ಲೇಖನ ಯಾವಾಗ ಸಿದ್ಧವಾಯಿತು ಎಂದು ತಿಳಿಯಲು ಮತ್ತೆ ನಾಲ್ಕನೇ ಹಂತಕ್ಕೆ ಬನ್ನಿ. ಪಕ್ಕದ ಗುಂಪು ಆ ಹಾಳೆಯನ್ನಷ್ಟೇ ಓದಿ, ಒಂದೂ ಪ್ರಶ್ನೆ ಕೇಳದೆ ಮಡಕೆ ತುಂಬಿಸಿ ಪ್ರಯೋಗ ಮುಗಿಸಿದರೆ, ಸಿದ್ಧವಾಯಿತು ಎನ್ನಿ.