ಹಳೆಯ ಕಾರುಗಳ ರೇಡಿಯೋ ಮತ್ತು ಟೇಪ್ ಸಂಗ್ರಹ: ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಒಂದು ಅಧ್ಯಯನ

ನಮ್ಮ ಬೆಳಗಾವಿ ಭಾಗದಲ್ಲಿ ಗುಜರಿ ಸಾಮಾನಿಗೆ ಮರಾಠಿಯಿಂದ ಬಂದ ‘ಭಂಗಾರ’ ಎಂಬ ಮಾತೇ ರೂಢಿಯಲ್ಲಿದೆ. ಮಹಾಪ್ರಾಣ ಒಂದು ತಪ್ಪಿದರೆ ಅದೇ ಮಾತು ಬಂಗಾರವಾಗುತ್ತದೆ. ಕೆಲವು ವರ್ಷಗಳ ಹಿಂದೆ ಖಾನಾಪುರದ ಪರಿಚಿತ ವ್ಯಾಪಾರಸ್ಥರೊಬ್ಬರ ಮನೆಯವರು ತಂದೆಯವರ ಕಾಲದ ಕಾರನ್ನು ಕಿಲೋ ಲೆಕ್ಕದಲ್ಲಿ ತೂಗಿಸಿ ಕೊಟ್ಟುಬಿಟ್ಟರು. ಅದರ ಡ್ಯಾಶ್‌ಬೋರ್ಡಿನಲ್ಲಿ ಐದು ಒತ್ತುಗುಂಡಿಗಳ ಜರ್ಮನ್ ರೇಡಿಯೋ ಇತ್ತು. ಸುದ್ದಿ ತಿಳಿದು ನಾನು ಆ ಅಂಗಡಿಗೆ ಹೋಗುವಷ್ಟರಲ್ಲಿ ಸ್ಪೀಕರಿನ ಅಯಸ್ಕಾಂತ ಒಂದು ಬುಟ್ಟಿಯಲ್ಲೂ ಟ್ರಾನ್ಸ್‌ಫಾರ್ಮರಿನ ತಾಮ್ರ ಇನ್ನೊಂದು ಬುಟ್ಟಿಯಲ್ಲೂ ಬಿದ್ದಿದ್ದವು. ಕೊಟ್ಟವರಿಗೂ ಕೊಂಡವರಿಗೂ ಅದರ ಬೆಲೆ ಗೊತ್ತಿರಲಿಲ್ಲ. ಈ ಅರಿವಿನ ಕೊರತೆಯೇ ಪ್ರಸ್ತುತ ಲೇಖನಕ್ಕೆ ಕಾರಣ.

ಇದು ಕೇವಲ ಹವ್ಯಾಸಿಗಳ ವಿಷಯವೆಂದು ವರ್ತಕ ಬಂಧುಗಳು ಪುಟ ತಿರುವಬಾರದಾಗಿ ವಿನಂತಿ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಹೊರಮೈ ಹಾಗೂ ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ಗೊತ್ತುಪಡಿಸಲಾಯಿತು; ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳು ಬಂದವು. ನಿಯಮದಲ್ಲಿ ರೇಡಿಯೋದ ಪ್ರಸ್ತಾಪವಿಲ್ಲ, ನಿಜ. ಆದರೆ ಮೂಲರೂಪಕ್ಕೆ ಕಾಯಿದೆಯ ಮನ್ನಣೆ ದೊರೆತ ಮೇಲೆ ಕಾರಿನ ಒಡೆಯನು ಕಾರು ಕಾರ್ಖಾನೆಯಿಂದ ಹೊರಬಂದ ಕಾಲದ ರೇಡಿಯೋವನ್ನೂ ಹುಡುಕತೊಡಗುವುದು ಸಹಜ. ನಮ್ಮ ನಾಡಿನಲ್ಲೇ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವೂ, 2023ರಲ್ಲಿ ಶ್ರೀರಂಗಪಟ್ಟಣದ ಸಮೀಪ ಆರಂಭವಾದ ‘ಪಯಣ’ ಸಂಗ್ರಹಾಲಯವೂ ಇಂತಹ ವಸ್ತುಗಳ ಬಗ್ಗೆ ಜನರಲ್ಲಿ ಆಸಕ್ತಿ ಮೂಡಿಸಿವೆ.

ಹಿನ್ನೆಲೆ

ಅಮೆರಿಕೆಯ ಷಿಕಾಗೋದಲ್ಲಿ ಗ್ಯಾಲ್ವಿನ್ ಸಹೋದರರ ಕಂಪನಿಯು 1930ರಲ್ಲಿ ‘ಮೋಟೊರೋಲಾ’ ಹೆಸರಿನ ಕಾರು ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ಆಗ ಅದರ ಬೆಲೆ 110ರಿಂದ 130 ಡಾಲರ್. ಫೋರ್ಡ್ ಕಂಪನಿಯ ಒಳ್ಳೆಯ ಮಾದರಿಯ ಕಾರೇ ಸುಮಾರು 540 ಡಾಲರಿಗೆ ಸಿಗುತ್ತಿದ್ದ ಕಾಲವದು. ಅಂದರೆ ರೇಡಿಯೋ ಒಂದಕ್ಕೇ ಕಾರಿನ ಬೆಲೆಯ ಐದನೆಯ ಒಂದು ಭಾಗ. ಯುರೋಪಿನ ಮೊದಲ ಕಾರು ರೇಡಿಯೋ 1932ರಲ್ಲಿ ಜರ್ಮನಿಯಲ್ಲಿ ಬಂದಿತು. ಮುಂದೆ ಬ್ಲೌಪುಂಕ್ಟ್ ಎಂದು ಹೆಸರಾದ ಕಂಪನಿಯ ಈ ಯಂತ್ರದ ತೂಕ ಸುಮಾರು 15 ಕಿಲೋ, ಬೆಲೆ 465 ಮಾರ್ಕ್. ಹೆಸರಿನ ಅರ್ಥ ‘ನೀಲಿ ಚುಕ್ಕೆ’. ಪರೀಕ್ಷೆಯಲ್ಲಿ ತೇರ್ಗಡೆಯಾದ ಹೆಡ್‌ಫೋನಿಗೆ ನೀಲಿ ಚುಕ್ಕೆ ಇಡುತ್ತಿದ್ದ ಪದ್ಧತಿಯಿಂದ ಅದು ಬಂದಿದೆ. ಗುಣಮಟ್ಟದ ಗುರುತೇ ಕಂಪನಿಯ ಹೆಸರಾಯಿತೆಂಬುದು ಉದ್ದಿಮೆದಾರರಿಗೆ ಮೆಚ್ಚಿಗೆಯಾಗುವ ಸಂಗತಿ.

1955ರಲ್ಲಿ ಕ್ರೈಸ್ಲರ್ ಕಂಪನಿಯು ಫಿಲ್ಕೋದೊಡನೆ ಸೇರಿ ವಾಲ್ವುಗಳೇ ಇಲ್ಲದ, ಪೂರ್ಣ ಟ್ರಾನ್ಸಿಸ್ಟರಿನ ಕಾರು ರೇಡಿಯೋವನ್ನು ಘೋಷಿಸಿತು. ಅದೇ ಕಂಪನಿ 1956ರ ಮಾದರಿಗಳಲ್ಲಿ ಕಾರಿನೊಳಗೆ ತಟ್ಟೆ ನುಡಿಸುವ ಗ್ರಾಮಫೋನನ್ನೂ ಇಟ್ಟಿತ್ತು. ನಿಮಿಷಕ್ಕೆ 16⅔ ಸುತ್ತು ತಿರುಗುವ ವಿಶೇಷ ತಟ್ಟೆಗಳು ಅದಕ್ಕೆ ಬೇಕಾಗಿದ್ದವು. ಆ ವ್ಯವಸ್ಥೆ ಬಹುಕಾಲ ಬಾಳಲಿಲ್ಲ, ಆದ್ದರಿಂದಲೇ ಇಂದು ದುರ್ಲಭ. 1965ರಲ್ಲಿ ಫೋರ್ಡ್ ಕಾರುಗಳಿಗೆ ಎಂಟು ಪಥದ ಟೇಪ್ ಬಂದಿತು. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ ಕೊನೆಗೆ ಎಲ್ಲವನ್ನೂ ಹಿಂದೆ ಹಾಕಿತು. 1984ರಲ್ಲಿ ಪಯೋನಿಯರ್ ಕಾರಿಗೆ ಸಿ.ಡಿ. ತಂದಿತು. ಜಪಾನಿನ ನಕಾಮಿಚಿ ಕಂಪನಿಯ 1980ರ ದಶಕದ ಟಿಡಿ-1200 ಎಂಬ ಕ್ಯಾಸೆಟ್ ಯಂತ್ರವು ಟೇಪಿಗೆ ಹೆಡ್ಡಿನ ಕೋನವನ್ನು ತಾನೇ ಸರಿಹೊಂದಿಸಿಕೊಳ್ಳುತ್ತಿತ್ತು. ಸಂಗ್ರಾಹಕರು ಇಂದಿಗೂ ಅದನ್ನು ಹುಡುಕುತ್ತಾರೆ.

ನಮ್ಮಲ್ಲಿ ಇವು ಎಲ್ಲಿಂದ ಬಂದವು

ಬೆಳಗಾವಿ ಹಾಗೂ ಖಾನಾಪುರಗಳ ಭೂಗೋಳವೇ ಇದಕ್ಕೆ ಉತ್ತರ. 1961ರ ಡಿಸೆಂಬರಿನವರೆಗೆ ಗೋವಾ ಪೋರ್ಚುಗೀಸರ ವಶದಲ್ಲಿತ್ತು. ನಮ್ಮ ದೇಶದಲ್ಲಿ ಆಮದಿಗೆ ಬಿಗಿಯಾದ ಕಟ್ಟುಪಾಡು ಇದ್ದ ಆ ವರ್ಷಗಳಲ್ಲಿ ಗೋವೆಯಲ್ಲಿ ಜರ್ಮನ್ ಕಾರುಗಳು ಟ್ಯಾಕ್ಸಿಯಾಗಿ ಓಡುತ್ತಿದ್ದವು. ವಿಮೋಚನೆಯ ನಂತರ ಅಂತಹ ಕೆಲವು ವಾಹನಗಳೂ, ವಾಹನ ಕೆಟ್ಟ ಮೇಲೆ ಅವುಗಳ ಬಿಡಿಭಾಗಗಳೂ ಘಟ್ಟ ಹತ್ತಿದ್ದು ಸ್ವಾಭಾವಿಕ. ಪಣಜಿಯ ರಸ್ತೆಯಲ್ಲಿ ಬೆಳಗಾವಿಗೆ ಮೊದಲು ಸಿಗುವ ದೊಡ್ಡ ಪೇಟೆ ಖಾನಾಪುರವೇ ತಾನೆ! ದೇಶೀಯವಾಗಿ ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳಲ್ಲಿ ರೇಡಿಯೋ ಹಾಕಿಸುವುದು ಅನುಕೂಲಸ್ಥರಿಗೆ ಮಾತ್ರ ಸಾಧ್ಯವಿತ್ತು. 1980ರ ದಶಕದಲ್ಲಿ ಮಾರುತಿ ಬಂದ ಮೇಲೆ ಕೊಲ್ಲಿ ದೇಶಗಳಿಂದ ಬಂದವರು ತಂದ ಜಪಾನಿ ಕ್ಯಾಸೆಟ್ ಯಂತ್ರಗಳು ಹೆಚ್ಚಾದವು.

ಒಂದು ಕಾಗದದ ಬಗ್ಗೆ ಇಲ್ಲಿ ಹೇಳಲೇಬೇಕು. 1980ರ ದಶಕದ ಮಧ್ಯದವರೆಗೆ ರೇಡಿಯೋ ಇಟ್ಟುಕೊಳ್ಳಲು ಪರವಾನಗಿ ಬೇಕಾಗಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ತುಂಬಿ ಪುಸ್ತಕದಲ್ಲಿ ಚೀಟಿ ಹಚ್ಚಿಸಿಕೊಳ್ಳಬೇಕಿತ್ತು. ಹಳೆಯ ಕಪಾಟಿನಲ್ಲಿ ಆ ಪುಸ್ತಕ ದೊರೆತರೆ ಎಸೆಯಬಾರದು. ಯಂತ್ರ ಯಾರ ಬಳಿ, ಯಾವ ವರ್ಷದಿಂದ ಇತ್ತೆಂಬುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇರೊಂದಿಲ್ಲ.

ಕೊಳ್ಳುವ ಮೊದಲು ನೋಡತಕ್ಕ ಅಂಶಗಳು

ಮೊದಲನೆಯದಾಗಿ ವಿದ್ಯುತ್ತು. ವಾಲ್ವು ರೇಡಿಯೋಗಳು ಬ್ಯಾಟರಿಯ 6 ಅಥವಾ 12 ವೋಲ್ಟನ್ನು ‘ವೈಬ್ರೇಟರ್’ ಎಂಬ ಕಂಪಿಸುವ ಸ್ವಿಚ್ಚಿನ ಮೂಲಕ ಕಡಿದು, ಟ್ರಾನ್ಸ್‌ಫಾರ್ಮರಿನಿಂದ ನೂರಾರು ವೋಲ್ಟಿಗೆ ಏರಿಸಿಕೊಳ್ಳುತ್ತವೆ. ಚಾಲೂ ಮಾಡಿದಾಗ ಸಣ್ಣ ಗುಂಯ್ ಎಂಬ ಸದ್ದು ಬಂದರೆ ಅದು ದೋಷವಲ್ಲ, ವೈಬ್ರೇಟರ್ ಬದುಕಿದೆ ಎಂದರ್ಥ. ಪೆಟ್ಟಿಗೆ ಬಿಚ್ಚಿ ಒಳಗೆ ಕೈ ಹಾಕುವವರು ಈ ನೂರಾರು ವೋಲ್ಟನ್ನು ಮರೆಯಬಾರದು. ಮೇಣ ಹಚ್ಚಿದ ಕಾಗದದ ಕೆಪಾಸಿಟರುಗಳು ದಶಕಗಳ ನಂತರ ಸೋರುತ್ತವೆ; ಅವನ್ನು ಬದಲಿಸದೆ ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ದುರಸ್ತಿಯಾಗಬಹುದಾದ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗುತ್ತದೆ.

ಎರಡನೆಯದು ಅರ್ಥಿಂಗ್. ಇದನ್ನು ನಾನು ನಷ್ಟ ಕೊಟ್ಟು ಕಲಿತೆ. ಸುಮಾರು 1960ರ ದಶಕದ ಮಧ್ಯದವರೆಗಿನ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿ ಕಾರಿನ ಮೈಗೆ ಜೋಡಿಸಿರುತ್ತದೆ. ನಂತರದವುಗಳಲ್ಲಿ ಋಣ ತುದಿ. ರೇಡಿಯೋದ ಲೋಹದ ಪೆಟ್ಟಿಗೆಯೇ ಅದರ ಒಂದು ತಂತಿ. ಮಿತ್ರರ ಹಳೆಯ ಬ್ರಿಟಿಷ್ ಕಾರಿಗೆ ಋಣ ಅರ್ಥಿಂಗಿನ ಟ್ರಾನ್ಸಿಸ್ಟರ್ ರೇಡಿಯೋವನ್ನು ನಾನೇ ಮುಂದೆ ನಿಂತು ಕೂರಿಸಿದೆ. ಹೊಗೆ ಬರಲಿಲ್ಲ, ಕಿಡಿ ಹಾರಲಿಲ್ಲ. ಗುಂಡಿ ತಿರುಗಿಸಿದ ಕ್ಷಣದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಸದ್ದಿಲ್ಲದೆ ಸತ್ತಿತ್ತು. ಎಷ್ಟೋ ರೇಡಿಯೋಗಳ ಹಿಂಬದಿಯಲ್ಲಿ ತುದಿ ಬದಲಿಸುವ ಸಣ್ಣ ಪ್ಲಗ್ ಇರುತ್ತದೆ. ಅದನ್ನು ತಿರುಗಿಸಿ ಹಾಕಿದ್ದರೆ ಸಾಕಾಗಿತ್ತು. ಮಿತ್ರರು ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಿನ ಸಂಗತಿ.

ಮೂರನೆಯದು ತರಂಗಾಂತರ. ಜಪಾನಿನ ದೇಶೀಯ ಬಳಕೆಗೆ ತಯಾರಾದ ಹಳೆಯ ಯಂತ್ರಗಳ ಎಫ್.ಎಂ. ಪಟ್ಟಿ 76ರಿಂದ 90 ಮೆಗಾಹರ್ಟ್ಸ್ ಮಾತ್ರ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಸಮುದಾಯ ಬಾನುಲಿ ‘ವೇಣುಧ್ವನಿ’ಯ ಸಂಖ್ಯೆ 90.4, ಅದೂ ಆ ಯಂತ್ರದಲ್ಲಿ ಸಿಗುವುದಿಲ್ಲ. ಅಮೆರಿಕೆಗೆ ತಯಾರಾದ ಅಂಕೀಯ ಯಂತ್ರಗಳು ಮಧ್ಯಮ ತರಂಗದಲ್ಲಿ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಸರಿಯುತ್ತವೆ, ನಮ್ಮ ದೇಶದಲ್ಲಿ ಹೆಜ್ಜೆ 9. ನಮ್ಮ ಹಿರಿಯರು ದಶಕಗಳ ಕಾಲ ಕೇಳಿದ ಧಾರವಾಡ ಆಕಾಶವಾಣಿಯ 765 ಅಂತಹ ಯಂತ್ರದಲ್ಲಿ 760ಕ್ಕೂ 770ಕ್ಕೂ ನಡುವೆ ಬಿದ್ದುಹೋಗುತ್ತದೆ. ಮುಳ್ಳು ತಿರುಗಿಸುವ ಹಳೆಯ ರೇಡಿಯೋಗಳಿಗೆ ಈ ತೊಡಕಿಲ್ಲ. ಮಾರುವವರು ಇದನ್ನು ಮೊದಲೇ ಹೇಳುವುದು ವ್ಯಾಪಾರಧರ್ಮ.

ಉದ್ಯಮಬಾಗಿನವರು ಗಮನಿಸತಕ್ಕದ್ದು

ಕ್ಯಾಸೆಟ್ ಯಂತ್ರ ಹಾಳಾಗುವುದು ಹೆಚ್ಚಾಗಿ ರಬ್ಬರಿನಿಂದ. ಬೆಲ್ಟುಗಳು ಕರಗಿ ಡಾಂಬರಿನಂತಾಗುತ್ತವೆ, ಟೇಪನ್ನು ಒತ್ತಿ ಹಿಡಿಯುವ ರೋಲರ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಇವನ್ನು ಇಲ್ಲಿಯೇ ಮಾಡಬಹುದೇ ಎಂಬುದು ಪ್ರಶ್ನೆ. ಒಂದು ಲೆಕ್ಕ ನೋಡೋಣ. ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಚಲಿಸುತ್ತದೆ. ಅದನ್ನು ಎಳೆಯುವ ಉಕ್ಕಿನ ಕಡ್ಡಿಯ ವ್ಯಾಸ 2 ಮಿಲಿಮೀಟರ್ ಎಂದಿಟ್ಟುಕೊಂಡರೆ ತ್ರಿಜ್ಯ 1 ಮಿಲಿಮೀಟರ್. ಕಡ್ಡಿ ತನ್ನ ಕೇಂದ್ರದಿಂದ ಮಿಲಿಮೀಟರಿನ ನೂರನೆಯ ಒಂದು ಭಾಗ ಸರಿದು ತಿರುಗಿದರೂ ವೇಗದಲ್ಲಿ ಶೇ. 1ರಷ್ಟು ಏರಿಳಿತ ಬರುತ್ತದೆ. ಉದ್ದನೆಯ ಸ್ವರ ನಡುಗುವುದು ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಶೇ. 0.1ಕ್ಕೆ ಇಳಿಸಬೇಕಾದರೆ ಒಂದು ಮೈಕ್ರಾನಿನ ನಿಖರತೆ ಬೇಕು. ಹೈಡ್ರಾಲಿಕ್ ವಾಲ್ವಿನ ಸ್ಪೂಲ್‌ಗಳನ್ನು ಕೆಲವೇ ಮೈಕ್ರಾನುಗಳ ಸಂದಿನಲ್ಲಿ ಕೂರಿಸುವ ನಮ್ಮ ಊರಿನ ಕುಶಲಕರ್ಮಿಗಳಿಗೆ ಇದು ಕಷ್ಟವಾದರೂ ಅಪರಿಚಿತ ಕೆಲಸವಲ್ಲ.

ಆದರೆ ಉತ್ಪ್ರೇಕ್ಷೆ ಬೇಡ. ಇದು ಸಾವಿರಗಟ್ಟಲೆ ಸಂಖ್ಯೆಯ ಆರ್ಡರು ಬರುವ ಕೆಲಸವಲ್ಲ. ಹತ್ತು ರೋಲರು, ಇಪ್ಪತ್ತು ಗುಂಡಿ, ಒಂದು ಹಲ್ಲುಚಕ್ರ, ಹೀಗೆ. ಇದನ್ನೇ ನಂಬಿ ಹೊಸ ಯಂತ್ರ ಕೊಳ್ಳುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಬಿಡುವಿನ ಪಾಳಿಯಲ್ಲಿ ಮಾಡಬಹುದಾದ ಕೆಲಸ, ಅಷ್ಟೆ. ಇದಕ್ಕಿಂತ ತುರ್ತಿನ ವಿಷಯ ಬೇರೆ ಇದೆ. ವೈಬ್ರೇಟರಿನ ಸದ್ದು ಕೇಳಿ ರೋಗ ಹೇಳಬಲ್ಲ ರೇಡಿಯೋ ಮೇಸ್ತ್ರಿಗಳು ಈಗ ಎಪ್ಪತ್ತು ದಾಟಿದವರು. ಅವರ ಕೈಕೆಳಗೆ ಒಬ್ಬ ಹುಡುಗನನ್ನು ಕೂರಿಸುವ ಖರ್ಚನ್ನು ಆಟೋ ಬಿಡಿಭಾಗಗಳ ವ್ಯಾಪಾರಸ್ಥರು ಸೇರಿ ಹೊರುವುದು ಅಸಾಧ್ಯವೇನಲ್ಲ.

ಮಾದರಿ ನೋಡಿ ಹೊಸ ಗುಂಡಿ ಮಾಡಿದರೆ ಅದರ ಒಳಮೈಯಲ್ಲಿ ತಯಾರಕನ ಸ್ವಂತ ಗುರುತನ್ನೇ ಹಾಕತಕ್ಕದ್ದು. ಮೂಲ ಕಂಪನಿಯ ಹೆಸರು ಒತ್ತಿದರೆ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ ತೊಡಕು ಬರುತ್ತದೆ. ಜೊತೆಗೆ ಮುಂದಿನ ಕೊಳ್ಳುವವನಿಗೆ ಅಸಲಿ ಯಾವುದು, ಬದಲಿ ಯಾವುದು ತಿಳಿಯದೆ ಇಡೀ ಪೇಟೆಯ ಮೇಲೆ ಸಂಶಯ ಹುಟ್ಟುತ್ತದೆ.

ವ್ಯವಹಾರದ ಎರಡು ಮಾತು

ಹಳೆಯ ವಸ್ತುಗಳನ್ನು ಕೊಂಡು ಮಾರುವವರಿಗೆ ಜಿ.ಎಸ್.ಟಿ.ಯಲ್ಲಿ ಅನುಕೂಲವಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದಿದ್ದಲ್ಲಿ, ವಸ್ತುವಿನ ಸ್ವರೂಪ ಬದಲಾಗದ ಸಣ್ಣಪುಟ್ಟ ದುರಸ್ತಿಯ ನಂತರ ಮಾರಿದಾಗ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ. ಆದ್ದರಿಂದ ಮನೆಯವರಿಂದ ಕೊಳ್ಳುವಾಗಲೂ ಸಹಿ ಮಾಡಿಸಿದ ಚೀಟಿ ಇರಲಿ. ಹೊರದೇಶದಿಂದ ಬಳಸಿದ ರೇಡಿಯೋ ತರಿಸುವ ಉತ್ಸಾಹವಿರುವವರು ನೆನಪಿಡಬೇಕಾದದ್ದು: ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದಿಗೆ ನಿರ್ಬಂಧವಿದ್ದು, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಬೇಕಾಗುತ್ತದೆ. ಹಣ ಕಳುಹಿಸಿದ ಮೇಲೆ ಇದನ್ನು ತಿಳಿದವರು ಇದ್ದಾರೆ.

ಇನ್ನು ಕಾಪಾಡುವ ವಿಚಾರ. ಕಣಕುಂಬಿ, ಜಾಂಬೋಟಿಗಳ ಕಡೆಯ ಮಳೆ ಬಲ್ಲವರಿಗೆ ತೇವದ ಪರಿಣಾಮ ಹೇಳಬೇಕಿಲ್ಲ. ಬೆಳಗಾವಿ ನಗರದಲ್ಲೂ ಜೂನಿನಿಂದ ಸೆಪ್ಟೆಂಬರಿನವರೆಗೆ ಕಾಗದದ ಸ್ಪೀಕರಿಗೆ ಬೂಷ್ಟು ಹಿಡಿಯುತ್ತದೆ. ಯಂತ್ರವನ್ನು ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬೇಕು. ಪೊಟ್ಟಣವನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ಕ್ಯಾಸೆಟ್ ಯಂತ್ರದಲ್ಲಿ ಗುಂಡಿ ಒತ್ತಿದ ಸ್ಥಿತಿಯಲ್ಲಿ ಬಿಟ್ಟರೆ ರೋಲರಿನಲ್ಲಿ ತಗ್ಗು ಬೀಳುತ್ತದೆ. ಮಳೆಗಾಲ ಕಳೆದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ಕಾರಿನ ಬ್ಯಾಟರಿಯನ್ನು ಬಳಸದೆ, ವಿದ್ಯುತ್ ಪ್ರವಾಹಕ್ಕೆ ಮಿತಿ ಹಾಕಬಹುದಾದ ಮೇಜಿನ ಸಪ್ಲೈಯಿಂದ, ಸರಿಯಾದ ಫ್ಯೂಸ್ ಇಟ್ಟು, ಸ್ಪೀಕರ್ ಜೋಡಿಸಿಯೇ ಚಾಲೂ ಮಾಡಬೇಕು. ಸ್ಪೀಕರ್ ಇಲ್ಲದೆ ಚಾಲೂ ಮಾಡಿ ಹಳೆಯ ರೇಡಿಯೋಗಳ ಔಟ್‌ಪುಟ್ ವಿಭಾಗವನ್ನು ಸುಟ್ಟುಕೊಂಡವರೇ ಹೆಚ್ಚು.