ಒಬ್ಬನೇ ಹೋಗಬೇಡ

ಚಿಕ್ಕವರಿದ್ದಾಗ ‘ತೋಳ ಬಂತು ತೋಳ’ ಕಥೆ ಎಲ್ಲರೂ ಕೇಳಿದ್ದೀರಿ. ಇವತ್ತು ತೋಳ ನಿಜವಾಗ್ಲೂ ಬಂದ ಜಾಗದ ಬಗ್ಗೆ ಹೇಳ್ತೀನಿ.

ಉತ್ತರ ಅಮೆರಿಕದಲ್ಲಿ ಎಲ್ಕ್ ಅನ್ನೋ ದೊಡ್ಡ ಜಿಂಕೆ ಇದೆ. ಅದನ್ನು ಬೇಟೆಯಾಡುವವರು ಕಾಡಿನ ಬಣ್ಣದ ಬಟ್ಟೆ ಹಾಕಿ, ಮೈವಾಸನೆ ಮರೆಮಾಡಿ, ಎಲ್ಕ್ ತರಾನೇ ಕೂಗ್ತಾರೆ. ಆ ಕೂಗು ಎಲ್ಕ್‌ಗೆ ಮಾತ್ರ ಅಲ್ಲ, ತೋಳಕ್ಕೂ ಕೇಳಿಸುತ್ತೆ. ಬೇಟೆಗೆ ಹೋದವನೇ ಬೇಟೆಯ ಹಾಗೆ ಕಾಣ್ತಾನೆ!

ಆದರೂ ತೋಳ ಮನುಷ್ಯನ ಮೇಲೆ ಬೀಳೋದು ಬಹಳ ಅಪರೂಪ. ಅದಕ್ಕೆ ನಮ್ಮ ಭಯ ಇದೆ. ಆ ಭಯ ಹೋದರೆ ಅಪಾಯ.

2005ರ ನವೆಂಬರ್. ಕೆನಡಾದ ಸಸ್ಕಾಚೆವಾನ್, ಪಾಯಿಂಟ್ಸ್ ನಾರ್ತ್ ಲ್ಯಾಂಡಿಂಗ್ ಅನ್ನೋ ಒಂಟಿ ಶಿಬಿರ. ಅಲ್ಲಿ ತೋಳಗಳು ಕಸದ ಗುಂಡಿಯಲ್ಲಿ ತಿಂದು ತಿಂದು ಜನರಿಗೆ ಹೆದರೋದನ್ನೇ ಬಿಟ್ಟಿದ್ದವು. ಒಂದು ದಿನ ಇಬ್ಬರು ಕೆಲಸಗಾರರಿಗೆ ಎರಡು ತೋಳ ಎದುರಾದವು. ಇಬ್ಬರೂ ಕೋಲು ಹಿಡಿದು, ಜೊತೆಯಾಗಿ ಎದುರಿಸಿ, ಜೀವಂತ ವಾಪಸ್ ಬಂದರು. ಕೆಲವೇ ದಿನಗಳ ನಂತರ 22 ವರ್ಷದ ವಿದ್ಯಾರ್ಥಿಯೊಬ್ಬ ಒಂಟಿಯಾಗಿ ವಾಕಿಂಗ್ ಹೋದ. ತಿರುಗಿ ಬರಲಿಲ್ಲ. ಕೊಂದದ್ದು ತೋಳಗಳೇ ಎಂದು 2007ರಲ್ಲಿ ವಿಚಾರಣಾ ಜ್ಯೂರಿ ಹೇಳಿತು.

ಆ ಹುಡುಗನನ್ನು ದೂಷಿಸಲು ಇದನ್ನು ಹೇಳ್ತಿಲ್ಲ. ತೋಳವೂ ಪಾಪಿಯಲ್ಲ, ಅದು ದೇವರ ಸೃಷ್ಟಿ. ಆದರೆ ಅದಕ್ಕೆ ಊಟ ಹಾಕಿ ಅಭ್ಯಾಸ ಮಾಡಿಸಿದ್ದು ಮನುಷ್ಯರ ಕಸ.

ನಾನೂ ಹಾಗೇ ಮಾಡಿದ್ದೆ. ಪಿಜಿ ರೂಮಲ್ಲಿ ಒಬ್ಬನೇ ಕೂತು, ಫೋನಲ್ಲಿ 50 ರೂಪಾಯಿ ಬೆಟ್ಟಿಂಗ್ ಕಟ್ಟಿದೆ. ಇಷ್ಟೇ ತಾನೇ ಅಂದುಕೊಂಡೆ. ಆರು ತಿಂಗಳಲ್ಲಿ ಸಂಬಳ ಪೂರ್ತಿ ಹೋಗ್ತಿತ್ತು. ಭಾನುವಾರ ಮಾತ್ರ ಸಭೆಯಲ್ಲಿ ಕೈಯೆತ್ತಿ ಹಾಡ್ತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಒಂದು ರಾತ್ರಿ ಅತ್ತುಕೊಂಡು ಒಬ್ಬ ಅಣ್ಣನಿಗೆ ಹೇಳಿದೆ. ಅವರು ಬೈಯಲಿಲ್ಲ. ರಾತ್ರಿಯೇ ಬೈಕ್ ಹತ್ತಿ ಬಂದರು. ಸಾಲ ಇನ್ನೂ ತೀರಿಸ್ತಾ ಇದ್ದೀನಿ, ಆದರೆ ಒಬ್ಬನೇ ಇಲ್ಲ.

ತೋಳ ಎದುರಾದರೆ ಬೇಟೆಗಾರರಿಗೆ ಕೊಡೋ ಬುದ್ಧಿವಾದ ಇದು: ಓಡಬೇಡ, ಓಡಿದರೆ ಅಟ್ಟಿಸಿಕೊಂಡು ಬರುತ್ತೆ. ಬೆನ್ನು ತೋರಿಸಬೇಡ. ಜೋರಾಗಿ ಕೂಗು. ಜೊತೆಗಾರರ ಹತ್ತಿರ ನಿಲ್ಲು. ನಿಧಾನವಾಗಿ ಹಿಂದೆ ಸರಿ.

ಯೋಹಾನ 10ನೇ ಅಧ್ಯಾಯ ಮನೆಯಲ್ಲಿ ಓದಿ. ತೋಳ ಬಂದಾಗ ಕೂಲಿಯಾಳು ಓಡಿಹೋಗ್ತಾನೆ, ಒಳ್ಳೇ ಕುರುಬ ಓಡಲ್ಲ. ಈ ವಾರ ಯಾರಿಗೂ ಹೇಳದ ಆ ಒಂದು ವಿಷಯವನ್ನು ನಂಬಿಕೆಯುಳ್ಳ ಒಬ್ಬರಿಗೆ ಹೇಳಿ. ಆಮೆನ್.