ನಾಗರಬಾವಿ ಹಾಲ್ಟ್: ಮೀಟರ್‌ಗೇಜ್ ರೈಲನ್ನು ಹಲಗೆಯ ಮೇಲೆ ತರುವ ಲೆಕ್ಕ

ನಾಗರಬಾವಿ ಅನ್ನೋ ಹೆಸರಿನ ರೈಲು ನಿಲ್ದಾಣ ಇಲ್ಲ. ಮೈಸೂರಿನ ಕಂಬಿ ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ ಅಂತ ಆ ಕಡೆಯಿಂದಲೇ ಹಾದುಹೋಗುತ್ತೆ, ನಮ್ಮ ಕಡೆ ತಿರುಗೋದಿಲ್ಲ. ಆದರೂ ಕಳೆದ ಎರಡು ಸೆಮಿಸ್ಟರ್‌ನಿಂದ ನಾವು ಐದು ಜನ, ಇಬ್ಬರು ಮೆಕ್ಯಾನಿಕಲ್, ಇಬ್ಬರು ಇ.ಸಿ., ಒಬ್ಬಳು ಸಿವಿಲ್, ಸೇರಿಕೊಂಡು ‘ನಾಗರಬಾವಿ ಹಾಲ್ಟ್’ ಕಟ್ಟುತ್ತಿದ್ದೇವೆ. ಎಂಟು ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಪ್ಲೈವುಡ್ ಹಲಗೆ. ಕಾಲ 1970ರ ದಶಕ. ರೈಲು ಮೀಟರ್‌ಗೇಜ್, ಉಗಿ ಎಂಜಿನ್.

ಇಲ್ಲದ ಊರಿಗೆ ನಿಲ್ದಾಣ ಯಾಕೆ ಅಂತ ಕೇಳಿದವರಿಗೆ ನಾವು ಮಾಲ್ಗುಡಿ ತೋರಿಸುತ್ತೇವೆ. ಆರ್.ಕೆ. ನಾರಾಯಣ್ ಕಲ್ಪಿಸಿದ ಊರಿಗೆ ಶಂಕರ್‌ನಾಗ್ ತಮ್ಮ ಧಾರಾವಾಹಿಯಲ್ಲಿ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣವನ್ನೇ ಕೊಟ್ಟರು. ಈಗ ಅಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಂ ಕೂಡ ಇದೆ. ನಮ್ಮ ನಿಜವಾದ ಕಾರಣ ಇನ್ನೂ ಸರಳ: ಹಳೇ ಕೆಂಗೇರಿ ನಿಲ್ದಾಣ ಮಾಡಿದರೆ ಪ್ರತಿ ಗೋಡೆಗೂ ಉತ್ತರ ಕೊಡಬೇಕು. ನಮ್ಮ ಹತ್ತಿರ ಅದರ ಅಳತೆ ಇಲ್ಲ. ಕಲ್ಪನೆಯ ನಿಲ್ದಾಣದಲ್ಲಿ ಕಟ್ಟಡ ನಮ್ಮಿಷ್ಟ, ಆದರೆ ರೈಲು, ಕಂಬಿ, ಪ್ಲಾಟ್‌ಫಾರ್ಮ್ ಮಾತ್ರ ಆ ಕಾಲದ್ದೇ ಆಗಿರಬೇಕು. ಈ ಲೇಖನ ಆ ‘ಮಾತ್ರ’ದ ಬಗ್ಗೆ.

ಮೊದಲು ಗೇಜ್. ಎರಡು ಕಂಬಿಗಳ ಒಳಅಂಚಿನ ನಡುವಿನ ಅಂತರ. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ., ಮೀಟರ್‌ಗೇಜ್ ಹೆಸರೇ ಹೇಳುವ ಹಾಗೆ 1000 ಮಿ.ಮೀ., ಬ್ರಿಟನ್ ಮತ್ತು ಯುರೋಪಿನ ಬಹುಭಾಗದ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ. ಜಗತ್ತಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮಾದರಿ ಕಂಬಿ 16.5 ಮಿ.ಮೀ. ಅಗಲದ್ದು. 1435ನ್ನು 87ರಿಂದ ಭಾಗಿಸಿ ನೋಡಿ, 16.5 ಬರುತ್ತೆ. ಇದಕ್ಕೆ ಎಚ್‌ಓ ಸ್ಕೇಲ್ ಅಂತ ಹೆಸರು.

ಈಗ ನಮ್ಮ ಗಾಡಿಗಳನ್ನು ಅದರ ಮೇಲೆ ಇಡೋಣ. ಬ್ರಾಡ್‌ಗೇಜನ್ನು 1:87ಕ್ಕೆ ಇಳಿಸಿದರೆ 19.26 ಮಿ.ಮೀ. ಕಂಬಿ ಬೇಕು. ಅಂಥದ್ದು ಅಂಗಡಿಯಲ್ಲಿ ಸಿಗೋದಿಲ್ಲ, ಹಾಗಾಗಿ ಭಾರತದ ರೈಲು ಮಾದರಿಗಳು ಸಾಮಾನ್ಯವಾಗಿ 16.5ರ ಮೇಲೇ ಓಡುತ್ತವೆ. ಗಾಡಿ ನಮ್ಮದು, ಕಾಲು ಯುರೋಪಿನದು! ನಗಬೇಡಿ, ಬ್ರಿಟಿಷರೂ ಇದನ್ನೇ ಮಾಡಿದ್ದಾರೆ. ಅವರ ಗಾಡಿಗಳು ಯುರೋಪಿನವಕ್ಕಿಂತ ಚಿಕ್ಕವು, ಆಗಿನ ಮೋಟಾರು 1:87ರ ಬ್ರಿಟಿಷ್ ಎಂಜಿನ್ನಿನ ಹೊಟ್ಟೆಯೊಳಗೆ ಹಿಡಿಯುತ್ತಿರಲಿಲ್ಲ. ಎಂಜಿನ್ನನ್ನು 1:76ಕ್ಕೆ ಉಬ್ಬಿಸಿ, ಕಂಬಿಯನ್ನು ಮಾತ್ರ 16.5ರಲ್ಲೇ ಬಿಟ್ಟರು. ಲೆಕ್ಕದ ಪ್ರಕಾರ ಅದು 18.83 ಇರಬೇಕಿತ್ತು. 1938ರಲ್ಲಿ ಹಾರ್ನ್‌ಬಿ ಡಬ್ಲೊ ಬಂದದ್ದು ಈ ಅಳತೆಯಲ್ಲೇ. ಇವತ್ತಿಗೂ ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ ಓಓ ಗೇಜ್. ಮೋಟಾರು ಆಮೇಲೆ ಚಿಕ್ಕದಾಯ್ತು, ತಪ್ಪು ಅಳತೆ ಹಾಗೇ ಉಳೀತು. ಹಳೇ ಸಾಫ್ಟ್‌ವೇರ್ ಜೊತೆ ಒದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ತಮಾಷೆ. ನಮ್ಮೂರಲ್ಲಿ 16.5 ಮಿ.ಮೀ. ಕಂಬಿಗೆ ಸುಳ್ಳೇ ಇಲ್ಲದೆ ಕೂರುವ ಒಂದೇ ರೈಲು ನಮ್ಮ ಮೆಟ್ರೊ! ಅದರ ಗೇಜ್ 1435. ನಿಖರತೆಯೇ ಬೇಕು ಅಂದರೆ ಜ್ಞಾನಭಾರತಿ ಮೆಟ್ರೊ ನಿಲ್ದಾಣ ಮಾಡಿ ಮುಗಿಸಬಹುದಿತ್ತು.

ನಮಗೆ ಬೇಕಾಗಿದ್ದು ಮೀಟರ್‌ಗೇಜ್. 12 ಮಿ.ಮೀ. ಕಂಬಿ ಹಾಕಿದರೆ ಸ್ಕೇಲ್ 1:83 ಆಗುತ್ತೆ. ಎಂಜಿನ್, ಬೋಗಿ, ಮನುಷ್ಯರು, ಮರ ಎಲ್ಲವನ್ನೂ 83ರಿಂದಲೇ ಭಾಗಿಸೋದು ಅಂತ ತೀರ್ಮಾನಿಸಿದೆವು. ಅಗ್ಗದ ದಾರಿಯೂ ಇತ್ತು, ಸಿಕ್ಕಿದ 16.5ನ್ನೇ ಹಾಕಿ ಮೀಟರ್‌ಗೇಜ್ ಅಂದುಬಿಡೋದು. ಆದರೆ ಅಗಲವಾದ ಬೋಗಿ ಕಿರಿದಾದ ಕಂಬಿಯ ಮೇಲೆ ಎರಡೂ ಕಡೆ ಚಾಚಿಕೊಂಡು, ತೂಗಾಡುತ್ತಾ ಹೋಗೋದೇ ಮೀಟರ್‌ಗೇಜಿನ ಗುರುತು. ಅದನ್ನು ಬಿಟ್ಟುಕೊಟ್ಟರೆ ಮಾಡೋದರಲ್ಲಿ ಅರ್ಥ ಇಲ್ಲ.

ಎಂಜಿನ್ ವೈ.ಪಿ. ವರ್ಗದ್ದು. ಇಲ್ಲೊಂದು ತಪ್ಪು ಕಲ್ಪನೆ ಸರಿಮಾಡಬೇಕು. ಉಗಿ ಎಂಜಿನ್ ಅಂದಕೂಡಲೇ ‘ಬ್ರಿಟಿಷರ ಕಾಲದ್ದು’ ಅಂತೀವಲ್ಲ, ವೈ.ಪಿ. ಎಂಜಿನ್‌ಗಳು ತಯಾರಾಗಿದ್ದು 1949ರಿಂದ ಈಚೆಗೆ. ಅವುಗಳಲ್ಲಿ ಹಲವನ್ನು ಜಮ್‌ಶೆಡ್‌ಪುರದ ಟೆಲ್ಕೊ ಮಾಡಿತು. ಕಂಬಿಯ ಕಥೆಯೂ ಪೂರ್ತಿ ಬ್ರಿಟಿಷರದ್ದಲ್ಲ. ಬೆಂಗಳೂರು–ಮೈಸೂರು ಮಾರ್ಗ 1876–78ರ ಭೀಕರ ಬರದ ಬೆನ್ನಿಗೆ, ಬರ ಪರಿಹಾರದ ಕೆಲಸವಾಗಿ, ಮೈಸೂರು ಸಂಸ್ಥಾನದ ಹಣದಲ್ಲಿ ಎದ್ದದ್ದು. 1881ರಲ್ಲಿ ಮದ್ದೂರಿನವರೆಗೆ, 1882ರಲ್ಲಿ ಮೈಸೂರಿನವರೆಗೆ ಗಾಡಿ ಓಡಿತು. ಮಣ್ಣು ಹೊತ್ತವರು ಹೊಟ್ಟೆಗಿಲ್ಲದ ನಮ್ಮ ರೈತರು. ಇಂಗ್ಲಿಷಿನ ನಾಸ್ಟಾಲ್ಜಿಯಾ ಪೋಸ್ಟರ್‌ಗಳಲ್ಲಿ ಇದು ಕಾಣೋದಿಲ್ಲ, ನಮಗೆ ಸ್ವಲ್ಪ ಸಿಟ್ಟೂ ಇದೆ.

ವೈ.ಪಿ.ಯ ದೊಡ್ಡ ಚಕ್ರದ ವ್ಯಾಸ 1372 ಮಿ.ಮೀ. ನಮ್ಮ ಹಲಗೆಯ ಮೇಲೆ 16.5. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 20 ಸೆಂ.ಮೀ. ಮೊದಲ ದಿನ ನಮ್ಮ ಎಂಜಿನ್ ಹಲಗೆಯ ಈ ತುದಿಯಿಂದ ಆ ತುದಿಗೆ ಎರಡು ಸೆಕೆಂಡಲ್ಲಿ ಹೋಗಿತ್ತು. ಅಂದರೆ ಗಂಟೆಗೆ 350 ಕಿ.ಮೀ. ದಾಟಿದ ಉಗಿಬಂಡಿ! ಗೇರ್ ಬದಲಿಸಿ, ಪಿಡಬ್ಲ್ಯುಎಂ ಹಾಕಿದ ಮೇಲೆ ದಾರಿಗೆ ಬಂತು.

ತೂಕದ ವಿಷಯ ಇನ್ನೂ ಸ್ವಾರಸ್ಯ. ಉದ್ದ 83ರಿಂದ ಭಾಗವಾದರೆ ಗಾತ್ರ 83ರ ಘನದಿಂದ, ಅಂದರೆ 5,71,787ರಿಂದ ಭಾಗವಾಗುತ್ತೆ. 30 ಟನ್ನಿನ ಬೋಗಿ ಅಂತ ಇಟ್ಟುಕೊಂಡರೆ ಮಾದರಿ 52 ಗ್ರಾಂ ತೂಗಬೇಕು. ಅಷ್ಟೇ ಇಟ್ಟು ಓಡಿಸಿದರೆ ಕಂಬಿ ಜಾಯಿಂಟಿನಲ್ಲಿ ಹಾರಿ ಬೀಳುತ್ತೆ, ಯಾಕೆಂದರೆ ನಮ್ಮ ಕೈಕೆಲಸದ ಏರುತಗ್ಗು 83 ಪಾಲು ಚಿಕ್ಕದಾಗಿಲ್ಲ. ಬೋಗಿಯ ತಳದಲ್ಲಿ ನಟ್ಟು, ವಾಷರ್ ಅಂಟಿಸಿ ನೂರು ಗ್ರಾಂ ಮಾಡಿದೆವು. ಉದ್ದದಲ್ಲಿ ನಿಜ, ತೂಕದಲ್ಲಿ ಸುಳ್ಳು. ಗೊತ್ತಿದ್ದೇ ಹೇಳಿದ ಸುಳ್ಳು.

ತಿರುವಿನಲ್ಲಿ ನಾವು ಸೋತೆವು. ಸಿವಿಲ್‌ನವರು ಓದುವ R = 1750/D ಸೂತ್ರ ನೆನಪಿಸಿಕೊಳ್ಳಿ. ಮೀಟರ್‌ಗೇಜಿಗೆ ಬಿಡುವ ಅತಿ ಕಡಿದಾದ ತಿರುವು 16 ಡಿಗ್ರಿ, ಅಂದರೆ ತ್ರಿಜ್ಯ ಸುಮಾರು 109 ಮೀಟರ್. 1:83ರಲ್ಲಿ 1.31 ಮೀಟರ್. ಗಾಡಿ ಸುತ್ತು ಹಾಕಬೇಕಾದರೆ 2.6 ಮೀಟರ್ ಅಗಲದ ಜಾಗ ಬೇಕು. ಹಾಸ್ಟೆಲಿನ ಟೇಬಲ್ ಟೆನಿಸ್ ಟೇಬಲ್ ಅಗಲ 1.525. ಅಷ್ಟರಲ್ಲಿ ಗುಂಡಗೆ ಓಡುವ ಮೀಟರ್‌ಗೇಜ್ ಮಾದರಿ ನೋಡಿದರೆ ಅದು ತಿರುವಿನಲ್ಲಿ ಸುಳ್ಳು ಹೇಳ್ತಿದೆ ಅಂತಲೇ ಅರ್ಥ. 1915ರಲ್ಲಿ ಶುರುವಾದ ಬೆಂಗಳೂರು–ಚಿಕ್ಕಬಳ್ಳಾಪುರದ ನ್ಯಾರೋಗೇಜ್ ಆರಿಸಿಕೊಂಡಿದ್ದರೆ ಕೆಲಸ ಸಲೀಸು. 762 ಮಿ.ಮೀ. ಗೇಜ್ ಎಚ್‌ಓದಲ್ಲಿ 8.76, ಅಂಗಡಿಯ 9 ಮಿ.ಮೀ. ಕಂಬಿಗೆ ಹತ್ತಿರ ಹತ್ತಿರ. 40 ಡಿಗ್ರಿಯ, 44 ಮೀಟರ್ ತ್ರಿಜ್ಯದ ತಿರುವು ಅರ್ಧ ಮೀಟರ್ ಆಗುತ್ತೆ, ಟಿ.ಟಿ. ಟೇಬಲ್ ಮೇಲೆ ಆರಾಮಾಗಿ ಕೂರುತ್ತೆ. ಮನೆಯಲ್ಲಿ ಮಾಡಬೇಕು ಅನ್ನೋರು ದಯವಿಟ್ಟು ನಂದಿಬೆಟ್ಟದ ಕಡೆ ನೋಡಿ. ನಾವು ಮೈಸೂರು ದಾರಿಯನ್ನು ಬಿಡಲಾರದೆ ಸುತ್ತನ್ನೇ ಕೈಬಿಟ್ಟೆವು. ನಮ್ಮ ರೈಲು ಒಂದು ಕಡೆಯಿಂದ ಬಂದು, ನಿಂತು, ಇನ್ನೊಂದು ಕಡೆ ಹೋಗುತ್ತೆ. ಅಷ್ಟೇ.

ಕಂಬಿ ನಾವೇ ಕೂರಿಸಿದ್ದು. ರೈಲು ಪಟ್ಟಿ ಮಾತ್ರ ತರಿಸಿಕೊಂಡು, ಎಸ್.ಪಿ. ರೋಡಿನ ತಾಮ್ರದ ಪಿಸಿಬಿ ಹಲಗೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಸ್ಲೀಪರ್ ಮಾಡಿ, ಮೇಲೆ ಸೋಲ್ಡರ್ ಮಾಡಿದೆವು. ಪ್ರತಿ ಸ್ಲೀಪರಿನ ನಡುವೆ ತಾಮ್ರವನ್ನು ಕೆರೆದು ಗೆರೆ ಎಳೆಯಬೇಕು, ಇಲ್ಲವಾದರೆ ಎರಡು ಕಂಬಿ ಶಾರ್ಟ್. 212 ಸ್ಲೀಪರಿನಲ್ಲಿ ಒಂದಕ್ಕೆ ಗೆರೆ ಮರೆತಿದ್ದೆವು. ಅದನ್ನು ಹುಡುಕೋಕೆ ಮಲ್ಟಿಮೀಟರ್ ಹಿಡಿದು ಒಂದು ಭಾನುವಾರ ಪೂರ್ತಿ ಹೋಯ್ತು.

ಇಷ್ಟೆಲ್ಲ ಲೆಕ್ಕ ಮಾಡಿದವರು ಎಡವಿದ್ದು ಪ್ಲಾಟ್‌ಫಾರ್ಮಿನಲ್ಲಿ. ನಾಗರಬಾವಿ ಎರಡನೇ ಹಂತದಲ್ಲಿ ನಮ್ಮ ಗೆಳೆಯನ ಅಜ್ಜಿ ಇದ್ದಾರೆ. ಮದ್ದೂರಿನವರು, ಮದುವೆಯಾಗಿ ಬೆಂಗಳೂರಿಗೆ ಬಂದವರು, ವರ್ಷಕ್ಕೆ ನಾಲ್ಕು ಸಲ ಆ ರೈಲಲ್ಲೇ ತವರಿಗೆ ಹೋಗಿಬಂದವರು. ಈಗ ಕಣ್ಣು ಅಷ್ಟಾಗಿ ಕಾಣೋದಿಲ್ಲ. ಅರ್ಧ ಮುಗಿದ ಹಲಗೆಯನ್ನು ಆಟೋದಲ್ಲಿ ಅಡ್ಡಡ್ಡ ಹಿಡಿದುಕೊಂಡು ಅವರ ಮನೆಗೆ ಹೋದೆವು. ಹೊಗಳಿಸಿಕೊಳ್ಳೋ ಆಸೆ, ಮುಚ್ಚುಮರೆ ಇಲ್ಲ.

ಅಜ್ಜಿ ಬೆರಳಿನಲ್ಲಿ ಕಂಬಿ ಮುಟ್ಟಿದರು, ಬೋಗಿ ಮುಟ್ಟಿದರು, ಪ್ಲಾಟ್‌ಫಾರ್ಮ್ ಅಂಚಿನ ಮೇಲೆ ಬೆರಳಿಟ್ಟು ನಿಂತರು.

“ಏನಪ್ಪಾ ಇದು, ಜಗಲಿಯಾ?”

“ಪ್ಲಾಟ್‌ಫಾರ್ಮ್ ಅಜ್ಜಿ.”

“ಇಷ್ಟೆತ್ತರ ಎಲ್ಲಿತ್ತು? ಕಂಬಿ ಹಿಡ್ಕೊಂಡು ಮೆಟ್ಲು ಹತ್ಬೇಕಿತ್ತು. ಬಸುರಿ ಹೆಂಗ್ಸು ನಾನು, ನಮ್ಮಣ್ಣ ಮೇಲಿಂದ ಎಳ್ಕೋತಿದ್ದ, ನಿಮ್ತಾತ ಕೆಳಗಿಂದ ತಳ್ತಿದ್ರು.”

ವಾಪಸು ಬಂದು ಪುಸ್ತಕ ತೆಗೆದೆವು. ನಾವು ಹಾಕಿದ್ದು 10 ಮಿ.ಮೀ. ಅದು ಇವತ್ತಿನ ಬ್ರಾಡ್‌ಗೇಜಿನ ಎತ್ತರದ ಪ್ಲಾಟ್‌ಫಾರ್ಮ್ ಅಳತೆ, 760ರಿಂದ 840 ಮಿ.ಮೀ. ಮೀಟರ್‌ಗೇಜಿಗೆ 305ರಿಂದ 405 ಅಷ್ಟೇ. 83ರಿಂದ ಭಾಗಿಸಿದರೆ ನಾಲ್ಕು ಐದು ಮಿ.ಮೀ. ಕಂಬಿಯ ಮಟ್ಟದಲ್ಲೇ ಇರುವ ಪ್ಲಾಟ್‌ಫಾರ್ಮೂ ಇರುತ್ತಿದ್ದವು. ಸಂಖ್ಯೆ ನಮ್ಮ ಕೈಯಲ್ಲೇ ಇತ್ತು, ಪಕ್ಕದ ಕಾಲಮ್ಮಿನಲ್ಲಿ. ಆದರೆ ನಾವು ದಿನಾ ಹತ್ತೋದು ಎತ್ತರದ ಪ್ಲಾಟ್‌ಫಾರ್ಮಿನಿಂದ, ಅನುಮಾನವೇ ಬರಲಿಲ್ಲ. 1990ರ ದಶಕದ ಆರಂಭದಲ್ಲಿ ಈ ಮಾರ್ಗ ಬ್ರಾಡ್‌ಗೇಜ್ ಆಯ್ತು, ನಾವ್ಯಾರೂ ಆಗ ಹುಟ್ಟಿರಲಿಲ್ಲ.

ಆ ದಿನದಿಂದ ನಮ್ಮ ಕೆಲಸದ ರೀತಿ ಬದಲಾಗಿದೆ. ಹಿರಿಯರ ಹತ್ತಿರ ‘ರೈಲು ಹೆಂಗಿತ್ತು’ ಅಂತ ಕೇಳಿದರೆ ‘ಚೆನ್ನಾಗಿತ್ತು, ಈಗೆಲ್ಲಿ ಬಿಡಿ’ ಅನ್ನೋ ಉತ್ತರ ಬರುತ್ತೆ, ಅದರಿಂದ ಒಂದು ಮಿಲಿಮೀಟರೂ ಸಿಗೋದಿಲ್ಲ. ‘ಹೆಂಗೆ ಹತ್ತಿದಿರಿ, ಎಲ್ಲಿ ಕೂತಿರಿ, ಕೈಯಲ್ಲಿ ಏನಿತ್ತು’ ಅಂತ ಕೇಳಬೇಕು. ಎಂಜಿನ್ ಕಡೆ ಮುಖ ಮಾಡಿ ಕೂತರೆ ಕಣ್ಣಿಗೆ ಕಲ್ಲಿದ್ದಲ ಕಿಡಿ ಬೀಳುತ್ತಿತ್ತು, ಅದಕ್ಕೇ ಹೆಂಗಸರು ಬೆನ್ನು ಮಾಡಿ ಕೂರುತ್ತಿದ್ದರು ಅಂತ ಅಜ್ಜಿ ಹೇಳಿದರು. ನಮ್ಮ ಬೋಗಿಯೊಳಗಿನ ಗೊಂಬೆಗಳನ್ನು ಕಿತ್ತು ತಿರುಗಿಸಿ ಕೂರಿಸಿದ್ದೇವೆ. ಹೊರಗಿನಿಂದ ಯಾರಿಗೂ ಕಾಣೋದಿಲ್ಲ.

ಬ್ರಿಟನ್ನಿನ ಪೆಂಡನ್ ಮ್ಯೂಸಿಯಂ ಇಂಥ ಕೆಲಸದ ದೊಡ್ಡಣ್ಣ. ರಾಯ್ ಇಂಗ್ಲೆಂಡ್ ಎಂಬಾತ, ಹೆಸರು ಹಾಗಿದ್ದರೂ ಆಸ್ಟ್ರೇಲಿಯಾದವನು, 1925ರಲ್ಲಿ ಅಲ್ಲಿಗೆ ಬಂದ. ಹುಲ್ಲುಹೊದಿಕೆಯ ಹಳ್ಳಿಮನೆಗಳು ಕಣ್ಣೆದುರೇ ಹೋಗುತ್ತಿರೋದು ಕಂಡು, ಅವನ್ನು 1:76ರಲ್ಲಿ ರಟ್ಟಿನಲ್ಲಿ ಕಟ್ಟತೊಡಗಿದ. ರೈಲುಗಳೂ ಸೇರಿ, ಅವನ ಸುತ್ತ ಕೂಡಿದವರು ದಶಕಗಟ್ಟಲೆ ಬೆಳೆಸಿದ್ದಾರೆ. ನಮ್ಮ ಹತ್ತಿರದಲ್ಲಿ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ, 1979ರಲ್ಲಿ ಶುರುವಾದದ್ದು. ಅಲ್ಲಿ ಮೀಟರ್‌ಗೇಜ್ ಎಂಜಿನ್ ಪಕ್ಕ ನಿಂತು ನಿಮ್ಮ ಭುಜ ಯಾವ ಚಕ್ರದ ಮಟ್ಟಕ್ಕೆ ಬರುತ್ತೆ ನೋಡಿಕೊಳ್ಳಿ, ಯಾವ ಡ್ರಾಯಿಂಗೂ ಅದನ್ನು ಹಾಗೆ ಹೇಳಿಕೊಡೋದಿಲ್ಲ.

ಮುಂದಿನ ಸೆಮಿಸ್ಟರಿಗೆ ಇ.ಸಿ.ಯವರಿಗೆ ಒಳ್ಳೇ ಕೆಲಸ ಇದೆ. ಆಗ ಒಂದೇ ಕಂಬಿ, ಎದುರಿನಿಂದ ಇನ್ನೊಂದು ಗಾಡಿ ಬರಬಾರದು. ಅದಕ್ಕೆ ಟೋಕನ್ ಪದ್ಧತಿ: ಎರಡು ನಿಲ್ದಾಣದ ಯಂತ್ರಗಳು ವಿದ್ಯುತ್ತಿನಿಂದ ಬೆಸೆದುಕೊಂಡಿರುತ್ತವೆ, ಒಂದು ಕಡೆ ಟೋಕನ್ ಹೊರಗೆ ಬಂದರೆ ಅದು ಮತ್ತೆ ಯಂತ್ರದೊಳಗೆ ಬೀಳುವ ತನಕ ಎರಡರಿಂದಲೂ ಇನ್ನೊಂದು ಬರೋದಿಲ್ಲ. ಡ್ರೈವರ್ ಕೈಯಲ್ಲಿ ಟೋಕನ್ ಇಲ್ಲದೆ ಗಾಡಿ ಹೊರಡುವಂತಿಲ್ಲ. ಎರಡು ಮೈಕ್ರೋಕಂಟ್ರೋಲರಿನಲ್ಲಿ ಮಾಡಬಹುದು. ನಡುವೆ ವೈರ್ ಕಿತ್ತುಹೋದರೆ ಏನಾಗಬೇಕು ಅನ್ನೋದನ್ನ ಮೊದಲು ಯೋಚಿಸಿ.

ಪ್ಲಾಟ್‌ಫಾರ್ಮ್ ಕಿತ್ತು 4 ಮಿ.ಮೀ.ಗೆ ಇಳಿಸಿ ಮತ್ತೆ ಅಜ್ಜಿಯ ಹತ್ತಿರ ಹೋಗಿದ್ದೆವು. ಬೆರಳಾಡಿಸಿ “ಹ್ಞಾ, ಈಗ ಸರಿ” ಅಂದರು. ಆಮೇಲೆ, “ಮರ ಎಲ್ರಪ್ಪಾ? ರೈಲು ಕಾಯೋರು ಬಿಸಿಲಲ್ಲೇ ಸಾಯ್ಬೇಕಾ?”

ಹತ್ತು ಮೀಟರಿನ ಹೊಂಗೆ ಮರ ಅಂದರೆ 12 ಸೆಂ.ಮೀ. ಕಾಂಡಕ್ಕೆ ತಾಮ್ರದ ತಂತಿ ಹೊಸೆಯುತ್ತಿದ್ದೇವೆ. ಲ್ಯಾಬಿನಲ್ಲಿ ತುಂಡು ವೈರ್ ಉಳಿದರೆ ಎಸೀಬೇಡಿ, ನಮಗೆ ಕೊಡಿ.